ಬಳಕೆದಾರರ ಫೋಲ್ಡರಿನ ಸ್ಥಳಾಂತರ ಮತ್ತು ಗಣಕಯಂತ್ರದ ಆರಂಭದ ತೊಂದರೆಗಳು

ಸೊಲ್ಲಾಪುರ ನಗರದಲ್ಲಿಯೂ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿಯೂ ಇರುವ ಕನ್ನಡ ಮಾಧ್ಯಮದ ಶಾಲೆಗಳಿಗೆ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಬರುತ್ತವೆ. ಆದರೆ ಘಟಕ ಪರೀಕ್ಷೆಯ ಪ್ರಶ್ನಪತ್ರಿಕೆ, ಅಭ್ಯಾಸ ಹಾಳೆ, ವಾಚನ ಪಟ್ಟಿ ಮೊದಲಾದವುಗಳನ್ನು ಬಹುಮಟ್ಟಿಗೆ ಶಿಕ್ಷಕರೇ ಸಿದ್ಧಪಡಿಸಬೇಕಾಗುತ್ತದೆ. ಮರಾಠಿಯಲ್ಲಿ ದೊರೆಯುವಷ್ಟು ಸಿದ್ಧ ಸಾಮಗ್ರಿ ಪೇಟೆಯಲ್ಲಿ ಕನ್ನಡದಲ್ಲಿ ದೊರೆಯುವುದಿಲ್ಲ. ಆದ್ದರಿಂದ ಶಾಲೆಯ ಗಣಕಯಂತ್ರದಲ್ಲಿ ಕೂಡಿಟ್ಟ ಕಡತಗಳು ಹಲವು ವರ್ಷಗಳ ದುಡಿಮೆಯ ಫಲ. ಅವು ಒಮ್ಮೆ ಅಳಿಸಿಹೋದರೆ ಮರಳಿ ಕೊಳ್ಳಲು ಬರುವುದಿಲ್ಲ. ಇಂತಹ ನಷ್ಟಕ್ಕೆ ದಾರಿಮಾಡುವ ಒಂದು ಸಾಮಾನ್ಯ ತಪ್ಪನ್ನೂ ಅದರ ದುರಸ್ತಿಯನ್ನೂ ಇಲ್ಲಿ ವಿವರಿಸಲಾಗಿದೆ.

ತೊಂದರೆ ಹುಟ್ಟುವ ಬಗೆ

ಒಂದು ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಗಣಕಯಂತ್ರದ ‘ಸಿ’ ಡ್ರೈವ್ ತುಂಬಿದೆ. ‘ಡಿ’ ಡ್ರೈವ್ ಖಾಲಿ ಇದೆ. ಜಾಗ ಮಾಡಬೇಕೆಂದು ಒಬ್ಬರು ‘ಯೂಸರ್ಸ್’ ಎಂಬಲ್ಲಿದ್ದ ಶಾಲೆಯ ಖಾತೆಯ ಫೋಲ್ಡರನ್ನು ಇಡಿಯಾಗಿ ‘ಡಿ’ಗೆ ಸಾಗಿಸುತ್ತಾರೆ. ಮರುದಿನ ಪಾಸ್‌ವರ್ಡ್ ಕೊಟ್ಟರೆ ಒಳಗೆ ಪ್ರವೇಶ ದೊರೆಯುವುದಿಲ್ಲ. ಅಥವಾ ಹಳೆಯ ಕಡತ ಒಂದೂ ಇಲ್ಲದ ಬರಿದಾದ ಪರದೆ ಕಾಣಿಸುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಆ ಫೋಲ್ಡರಿನಲ್ಲಿ ನಮ್ಮ ಕಡತಗಳ ಜೊತೆಗೆ ‘ಆ್ಯಪ್‌ಡೇಟಾ’ ಎಂಬ ಗುಪ್ತ ಫೋಲ್ಡರೂ ಖಾತೆಯ ಎಲ್ಲ ಹೊಂದಾಣಿಕೆಗಳನ್ನು ಹೊತ್ತ ಒಂದು ಗುಪ್ತ ಕಡತವೂ ಇರುತ್ತವೆ. ಅವು ಎಲ್ಲಿವೆ ಎಂಬುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯ ‘ಪ್ರೊಫೈಲ್‌ಲಿಸ್ಟ್’ ಎಂಬ ಭಾಗದಲ್ಲಿ ಬರೆದಿಟ್ಟುಕೊಂಡಿರುತ್ತದೆ. ವಿದ್ಯಾರ್ಥಿಯ ಕುಟುಂಬ ಮನೆ ಬದಲಿಸಿದರೂ ಜನರಲ್ ರಜಿಸ್ಟರಿನಲ್ಲಿ ಹಳೆಯ ವಿಳಾಸವೇ ಉಳಿದರೆ ಶಾಲೆಯ ಪತ್ರ ಬೀಗ ಹಾಕಿದ ಮನೆಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಗುತ್ತದೆ. ಹಳೆಯ ವಿಳಾಸದಲ್ಲಿ ಏನೂ ಸಿಗದಿದ್ದಾಗ ವಿಂಡೋಸ್ ಪ್ರವೇಶವನ್ನು ನಿರಾಕರಿಸುತ್ತದೆ, ಇಲ್ಲವೆ ತಾತ್ಕಾಲಿಕ ಖಾತೆಯೊಂದನ್ನು ತೆರೆಯುತ್ತದೆ.

ಯಾವ ಹಂತದಲ್ಲಿ ನಿಂತಿದೆ?

ದುರಸ್ತಿಗೆ ಮೊದಲು ಯಂತ್ರವು ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸಬೇಕು. ಆರಂಭಕ್ಕೆ 4 ಹಂತಗಳಿವೆ.

1. ಯಂತ್ರವು ತನ್ನ ಬಿಡಿಭಾಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ.
2. ಡಿಸ್ಕಿನ ಒಂದು ಸಣ್ಣ ವಿಭಾಗದಲ್ಲಿರುವ ಬೂಟ್ ಮ್ಯಾನೇಜರ್, ವಿಂಡೋಸ್ ಎಲ್ಲಿದೆ ಎಂಬುದನ್ನು ಓದುತ್ತದೆ.
3. ವಿಂಡೋಸಿನ ತಿರುಳೂ ಚಾಲಕ ತಂತ್ರಾಂಶಗಳೂ ಸ್ಮೃತಿಗೆ ಬರುತ್ತವೆ.
4. ಪಾಸ್‌ವರ್ಡ್ ಕೇಳುವ ಪರದೆ ಬಂದು, ಬಳಕೆದಾರರ ಖಾತೆ ತೆರೆಯುತ್ತದೆ.

ಪಾಸ್‌ವರ್ಡಿನ ಪರದೆ ಬಂದ ಮೇಲೆ ತೊಡಕು ಕಂಡರೆ ಅದು 4ನೆಯ ಹಂತದ್ದು. ಫೋಲ್ಡರಿನ ಸ್ಥಳಾಂತರವೇ ಬಹುಶಃ ಕಾರಣ. ಕಪ್ಪು ಪರದೆಯ ಮೇಲೆ ‘ಬೂಟ್ ಮಾಡುವ ಸಾಧನವಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸೂಚನೆ ಬಂದರೆ ಅದು 2ನೆಯ ಹಂತಕ್ಕೆ ಸಂಬಂಧಿಸಿದ್ದು. ಜಾಗ ಮಾಡುವ ಭರದಲ್ಲಿ ಆ ಸಣ್ಣ ವಿಭಾಗವನ್ನು ಅಳಿಸಿದಾಗ, ಡಿಸ್ಕಿನ ತಂತಿ ಸಡಿಲವಾದಾಗ ಅಥವಾ ಬೂಟ್ ಕ್ರಮ ಬದಲಾದಾಗ ಹೀಗಾಗುತ್ತದೆ.

ಮೊದಲು ಕಡತಗಳ ರಕ್ಷಣೆ

ದುರಸ್ತಿಯ ಅಂಗಡಿಯಲ್ಲಿ ಅನೇಕ ವೇಳೆ ‘ಫಾರ್ಮ್ಯಾಟ್ ಮಾಡಿಕೊಡುತ್ತೇವೆ’ ಎಂಬ ಉತ್ತರ ಸಿಗುತ್ತದೆ. ಇದರಿಂದ ಯಂತ್ರ ಸರಿಯಾಗುತ್ತದೆ. ಆದರೆ ಕಡತಗಳು ಹೋಗಬಹುದು. ‘ಕಡತಗಳ ಪ್ರತಿ ತೆಗೆಯುವವರೆಗೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಮುಖ್ಯಾಧ್ಯಾಪಕರು ಸ್ಪಷ್ಟವಾಗಿ ತಿಳಿಸಬೇಕು.

ಯಂತ್ರ ಆರಂಭವಾಗದಿದ್ದರೂ ಕಡತಗಳನ್ನು ಹೊರತೆಗೆಯಬಹುದು. ಉಬುಂಟುವಿನಂತಹ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿಕೊಂಡು, ಅದರಿಂದಲೇ ಯಂತ್ರವನ್ನು ಆರಂಭಿಸಿ, ಇನ್ನೊಂದು ಬಾಹ್ಯ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ಅದನ್ನು ಸ್ಥಾಪಿಸುವ ಆಯ್ಕೆಯನ್ನು ಒತ್ತಬಾರದು. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆ ಇದ್ದರೆ 48 ಅಂಕಿಗಳ ಕೀಲಿ ಸಂಖ್ಯೆ ಬೇಕಾಗುತ್ತದೆ. ಅದನ್ನು ಮೊದಲೇ ಕಚೇರಿಯ ದಾಖಲೆಯಲ್ಲಿ ಬರೆದಿಡಬೇಕು. ತಾತ್ಕಾಲಿಕ ಖಾತೆಯಲ್ಲಿ ಮಾತ್ರ ಯಾವ ಕೆಲಸವನ್ನೂ ಉಳಿಸಬಾರದು. ಹೊರಬಂದೊಡನೆ ಅದರಲ್ಲಿ ಉಳಿಸಿದ್ದೆಲ್ಲ ಅಳಿಯುತ್ತದೆ.

ದುರಸ್ತಿಯ ಕ್ರಮ

4ನೆಯ ಹಂತದ ತೊಂದರೆಯಾದರೆ ಆಡಳಿತಾಧಿಕಾರವುಳ್ಳ ಬೇರೊಂದು ಖಾತೆಯಿಂದ ಪ್ರವೇಶಿಸಿ, ಸಾಗಿಸಿದ ಫೋಲ್ಡರಿನ ಪ್ರತಿಯನ್ನು ಅದೇ ಹೆಸರಿನಿಂದ ಹಳೆಯ ಸ್ಥಳದಲ್ಲಿಯೇ ಇಡಬೇಕು. ‘ಡಿ’ಯಲ್ಲಿರುವುದನ್ನು ಎಲ್ಲ ಸರಿಯಾಗುವವರೆಗೆ ಅಳಿಸಬಾರದು. ಡ್ರೈವ್ ಬದಲಾದಾಗ ಕಡತಗಳ ಅನುಮತಿಗಳೂ ಬದಲಾಗುತ್ತವೆ. ಆದ್ದರಿಂದ ಅನುಮತಿಗಳನ್ನೂ ಸೇರಿಸಿ ಪ್ರತಿ ಮಾಡಬಲ್ಲ ‘ರೋಬೋಕಾಪಿ’ ಎಂಬ ಆಜ್ಞೆ ಉತ್ತಮ; ಆದರೆ ಸ್ಥಳಾಂತರದಲ್ಲಿ ಈಗಾಗಲೇ ಕಳೆದ ಅನುಮತಿಗಳನ್ನು ಖಾತೆಯ ಹೆಸರಿಗೆ ಮತ್ತೆ ಕೊಡಬೇಕಾಗುತ್ತದೆ. ಬೇರೆ ಖಾತೆ ಇಲ್ಲದಿದ್ದರೆ ಪಾಸ್‌ವರ್ಡಿನ ಪರದೆಯಲ್ಲಿಯೇ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ‘ರೀಸ್ಟಾರ್ಟ್’ ಆಯ್ದರೆ ದುರಸ್ತಿಯ ಪರದೆ ಬರುತ್ತದೆ. ಅಲ್ಲಿ ಡ್ರೈವುಗಳ ಅಕ್ಷರಗಳು ಅದಲುಬದಲಾಗಿರಬಹುದು. ಒಳಗಿನ ಪಟ್ಟಿಯನ್ನು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಬೇಕು.

ಇಷ್ಟರ ಮೇಲೂ ತಾತ್ಕಾಲಿಕ ಖಾತೆಯೇ ತೆರೆದರೆ ರಿಜಿಸ್ಟ್ರಿಯ ‘ಪ್ರೊಫೈಲ್‌ಲಿಸ್ಟ್’ನಲ್ಲಿ ಒಂದೇ ಖಾತೆಗೆ 2 ನಮೂದುಗಳು ಇವೆಯೇ ಎಂದು ನೋಡಬೇಕು. ಕೊನೆಯಲ್ಲಿ ‘ಬ್ಯಾಕ್’ ಎಂಬ ಬಾಲವುಳ್ಳದ್ದು ಸಾಮಾನ್ಯವಾಗಿ ಮೂಲ ನಮೂದು. ಇನ್ನೊಂದರ ಹೆಸರನ್ನು ಬದಲಿಸಿ, ಇದರ ಬಾಲವನ್ನು ತೆಗೆದು, ವಿಳಾಸ ಸರಿಯಿದೆಯೇ ಎಂದು ಪರಿಶೀಲಿಸಬೇಕು. ರಿಜಿಸ್ಟ್ರಿಯ ಪ್ರತಿಯನ್ನು ತೆಗೆದಿಡದೆ ಈ ಕೆಲಸಕ್ಕೆ ಕೈಹಾಕಬಾರದು.

2ನೆಯ ಹಂತದ ತೊಂದರೆಯಾದರೆ ಮೊದಲು ತಂತಿಯನ್ನೂ ಬೂಟ್ ಕ್ರಮವನ್ನೂ ನೋಡಬೇಕು. ಬಳಿಕ ವಿಂಡೋಸ್ ಸ್ಥಾಪನೆಯ ಪೆನ್‌ಡ್ರೈವಿನಿಂದ ಆರಂಭಿಸಿ ‘ಸ್ಟಾರ್ಟಪ್ ರಿಪೇರ್’ ನಡೆಸಬೇಕು. ಅದರಿಂದ ಆಗದಿದ್ದರೆ ಆರಂಭದ ಕಡತಗಳನ್ನು ಹೊಸದಾಗಿ ಬರೆಯುವ ‘ಬಿಸಿಡಿಬೂಟ್’ ಆಜ್ಞೆಯನ್ನು ತಿಳಿದವರ ನೆರವಿನಿಂದ ಬಳಸಬಹುದು.

ಅಕ್ಷರಗಳು ಕೆಟ್ಟವೆಂಬ ಭ್ರಮೆ

ಕಡತಗಳು ಮರಳಿದ ಮೇಲೆ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ಗೋಜಲು ಕಂಡರೆ ಕಡತ ಕೆಟ್ಟಿದೆಯೆಂದು ಅಳಿಸಬಾರದು. ನುಡಿಯಂತಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಬರಹವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತದೆ. ಈಚಿನ ವಿಂಡೋಸಿನಲ್ಲಿ ಒಬ್ಬ ಬಳಕೆದಾರರಿಗಷ್ಟೇ ಸ್ಥಾಪಿಸಿದ ಫಾಂಟುಗಳು ‘ಆ್ಯಪ್‌ಡೇಟಾ’ದೊಳಗೆ ಇರುವುದರಿಂದ ಸ್ಥಳಾಂತರದಲ್ಲಿ ಅವೂ ತಪ್ಪಿಹೋಗಬಹುದು. ಫಾಂಟನ್ನು ಎಲ್ಲ ಬಳಕೆದಾರರಿಗೂ ಅನ್ವಯಿಸುವಂತೆ ಮತ್ತೆ ಸ್ಥಾಪಿಸಿದರೆ ಬರಹ ಮೊದಲಿನಂತೆ ಕಾಣುತ್ತದೆ. ಹೊಸ ಬರಹಗಳನ್ನು ಯುನಿಕೋಡಿನಲ್ಲಿ ಸಿದ್ಧಪಡಿಸಿದರೆ ಈ ತೊಡಕೇ ಇರುವುದಿಲ್ಲ.

ಸರಿಯಾದ ರೀತಿ

ಜಾಗ ಬೇಕಾದಾಗ ಖಾತೆಯ ಫೋಲ್ಡರನ್ನು ಮುಟ್ಟದೆ, ಅದರೊಳಗಿನ ‘ಡಾಕ್ಯುಮೆಂಟ್ಸ್’, ‘ಪಿಕ್ಚರ್ಸ್’ ಮೊದಲಾದವುಗಳನ್ನು ಮಾತ್ರ ಸಾಗಿಸಬೇಕು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಲೊಕೇಶನ್’ ತೆರೆದು, ‘ಮೂವ್’ ಆಯ್ದರೆ ವಿಂಡೋಸ್ ಕಡತಗಳ ಜೊತೆಗೆ ವಿಳಾಸವನ್ನೂ ತಾನೇ ತಿದ್ದಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ‘ಡಿ’ಯಲ್ಲಿ ಬೇರೆ ಬೇರೆ ಫೋಲ್ಡರ್ ಇರಬೇಕು, ಇಡೀ ಡ್ರೈವನ್ನೇ ಗುರಿಯಾಗಿ ಕೊಟ್ಟರೆ ಮುಂದೆ ಹಿಂದಿರುಗಿಸುವುದು ಕಷ್ಟ. ವಿದ್ಯುತ್ ಹೋಗುವ ವೇಳೆಯಲ್ಲಿ ಈ ಕೆಲಸ ಕೈಗೊಳ್ಳಬಾರದು.

‘ಡಿ’ ಡ್ರೈವ್ ಸಾಮಾನ್ಯವಾಗಿ ಅದೇ ಡಿಸ್ಕಿನ ಇನ್ನೊಂದು ಭಾಗ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ ಎಂಬುದನ್ನು ಮರೆಯಬಾರದು. ದೀಪಾವಳಿ ರಜೆಯ ಮೊದಲು ಒಮ್ಮೆ, ವಾರ್ಷಿಕ ಪರೀಕ್ಷೆಯ ನಂತರ ಒಮ್ಮೆ, ಕಡತಗಳ ಪ್ರತಿಯನ್ನು ಬಾಹ್ಯ ಡಿಸ್ಕಿಗೆ ತೆಗೆದು ಕಪಾಟಿನಲ್ಲಿಡಬೇಕು. ನೆರೆಯ ಕನ್ನಡ ಶಾಲೆಗೂ ಅಭ್ಯಾಸ ಹಾಳೆಗಳ ಒಂದು ಪ್ರತಿ ಕೊಟ್ಟರೆ ಅಲ್ಲಿಯ ಮಕ್ಕಳಿಗೆ ಉಪಯೋಗವಾಗುತ್ತದೆ. ನಮ್ಮ ಯಂತ್ರ ಕೈಕೊಟ್ಟ ದಿನ ಆ ಪ್ರತಿ ನಮಗೂ ನೆರವಾಗುತ್ತದೆ.