ಹೊಸ ಮೊಬೈಲ್ ತಗೋಬೇಕಾ? ಮೊದಲು ಹಳೇ ಫೋನನ್ನ ಹೊಲದಲ್ಲಿ ಪರೀಕ್ಷೆ ಮಾಡಿ

ಈ ವಾರ ಗೊಬ್ಬರ, ಔಷಧಿ ವಿಷಯ ಪಕ್ಕಕ್ಕಿಟ್ಟು, ನಾವೆಲ್ಲ ದಿನಾ ಜೇಬಲ್ಲಿ ಇಟ್ಕೊಂಡು ಓಡಾಡೋ ಮೊಬೈಲ್ ಬಗ್ಗೆ ಮಾತಾಡೋಣ. ಪಂಪ್‌ಸೆಟ್, ಸ್ಪ್ರೇಯರ್ ಥರಾನೇ ಇದೂ ಈಗ ಕೃಷಿ ಸಲಕರಣೆ. ಆದ್ರೆ ಸ್ಪ್ರೇಯರ್ ಕೊಳ್ಳೋವಾಗ ಹಾಕುವಷ್ಟು ಲೆಕ್ಕ ಫೋನ್ ಕೊಳ್ಳೋವಾಗ ನಾವು ಹಾಕಲ್ಲ.

ನಮ್ಮದು ಗುಬ್ಬಿ ತಾಲ್ಲೂಕು. ಎರಡು ಎಕರೆ ಅಡಿಕೆ-ತೆಂಗು, ಒಂದೂವರೆ ಎಕರೆ ರಾಗಿ ಹೊಲ. ನನ್ನ ಫೋನಿಗೆ ಐದು ವರ್ಷ ಆಯ್ತು. ಮಧ್ಯಾಹ್ನಕ್ಕೆಲ್ಲ ಚಾರ್ಜ್ ಖಾಲಿ, ಆ್ಯಪ್ ತೆರೆಯೋಕೆ ನಿಮಿಷಗಟ್ಟಲೆ ಕಾಯಬೇಕು. ಕೈಯಲ್ಲಿ ಇದ್ದದ್ದು 15 ಸಾವಿರ ರೂಪಾಯಿ. ಅದೇ ಹೊತ್ತಿಗೆ ತೋಟದ ಡ್ರಿಪ್ ಪೈಪುಗಳು ಅಲ್ಲಲ್ಲಿ ಒಡೆದು, ಬೇಸಿಗೆಗೆ ಮುಂಚೆ ಬದಲಾಯಿಸಲೇಬೇಕು ಅನ್ನೋ ಸ್ಥಿತಿ. ಕುಣಿಗಲ್ ಹತ್ತಿರ ರೇಷ್ಮೆ ಮಾಡೋ ನಮ್ಮ ಭಾವನಿಗೂ ಅದೇ ಸಮಯಕ್ಕೆ ಫೋನಿನ ತೊಂದರೆ ಶುರುವಾಗಿತ್ತು. ಕೊನೆಗೆ ನಾನು ಹೊಸ ಫೋನ್ ತಗೊಳ್ಳಲಿಲ್ಲ, ಭಾವ ತಗೊಂಡ್ರು. ಇಬ್ಬರೂ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

15 ಸಾವಿರ ಅಂದ್ರೆ ಎಷ್ಟು ರಾಗಿ?

2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಹಾಗಾದ್ರೆ 15 ಸಾವಿರದ ಫೋನು ಅಂದ್ರೆ ಮೂರು ಕ್ವಿಂಟಲ್‌ಗಿಂತ ಸ್ವಲ್ಪ ಜಾಸ್ತಿ ರಾಗಿ. 50 ಕೆ.ಜಿ. ಮೂಟೆ ಲೆಕ್ಕದಲ್ಲಿ ಆರು ಮೂಟೆ. ಉಳುಮೆ, ಬೀಜ, ಗೊಬ್ಬರ, ಕೂಲಿ ಎಲ್ಲ ಕಳೆದು ಕೈಗೆ ಉಳಿಯೋ ಲಾಭದಲ್ಲಿ ಲೆಕ್ಕ ಹಾಕಿದ್ರೆ ಇನ್ನೂ ಹೆಚ್ಚು ಮೂಟೆ ಬೇಕಾಗುತ್ತೆ. ಅಷ್ಟು ರಾಗಿ ಕೊಟ್ಟು ತರೋ ಫೋನು, ಈಗಿರೋ ಫೋನಿನಿಂದ ಆಗದೇ ಇರೋ ಯಾವ ಕೆಲಸ ಮಾಡಿಕೊಡುತ್ತೆ? ಇದಕ್ಕೆ ಉತ್ತರ ಸಿಕ್ಕಿದ್ರೆ ತೀರ್ಮಾನ ಸುಲಭ.

ನಮಗೆ ಫೋನಿಂದ ಆಗಬೇಕಾದ ಕೆಲಸಗಳು

ನಾನು ಒಂದು ಹಾಳೆ ತಗೊಂಡು ಪಟ್ಟಿ ಮಾಡಿದೆ. ನೀವೂ ಮಾಡಿ.

ಮೊದಲನೆಯದು ಬೆಳೆ ಸಮೀಕ್ಷೆ. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕೋ ಅವಕಾಶ ಇದೆ. ಪಹಣಿಯಲ್ಲಿ ಬೆಳೆ ದಾಖಲಾಗೋದು, ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ ಎಲ್ಲಕ್ಕೂ ಈ ಮಾಹಿತಿಯನ್ನೇ ನೋಡ್ತಾರೆ. ಹೊಲದಲ್ಲಿ ರಾಗಿ ಇದ್ದು ದಾಖಲೆಯಲ್ಲಿ ಬೇರೆ ಬೆಳೆ ಇದ್ರೆ ಖರೀದಿ ಕೇಂದ್ರದಲ್ಲಿ ಕಷ್ಟ ಗ್ಯಾರಂಟಿ.

ಎರಡನೆಯದು ಪಿಎಂ ಕಿಸಾನ್ ಇ-ಕೆವೈಸಿ. ವರ್ಷಕ್ಕೆ ಮೂರು ಕಂತಿನಲ್ಲಿ ಬರೋ 6,000 ರೂಪಾಯಿಗೆ ಇದು ಬೇಕೇ ಬೇಕು. 2023ರಿಂದ ಮುಖ ತೋರಿಸಿ ಇ-ಕೆವೈಸಿ ಮಾಡೋ ಸೌಲಭ್ಯ ಆ್ಯಪ್‌ನಲ್ಲೇ ಇದೆ. ನಮ್ಮಮ್ಮನ ಥರ ಕೆಲಸ ಮಾಡಿ ಮಾಡಿ ಬೆರಳಚ್ಚು ಸವೆದು ಹೋದವರಿಗೆ ಇದು ದೊಡ್ಡ ಅನುಕೂಲ.

ಮೂರನೆಯದು ಯುಪಿಐ ಮತ್ತು ಬ್ಯಾಂಕ್ ವ್ಯವಹಾರ. ನಾಲ್ಕನೆಯದು ಹವಾಮಾನ, ಮಾರುಕಟ್ಟೆ ಧಾರಣೆ, ವಾಟ್ಸ್ಆ್ಯಪ್‌ನಲ್ಲಿ ರೋಗದ ಎಲೆಯ ಫೋಟೋ ಕಳಿಸೋದು.

ಈ ಯಾವ ಕೆಲಸಕ್ಕೂ 5ಜಿ ಬೇಕಾಗಿಲ್ಲ, 4ಜಿ ಧಾರಾಳವಾಗಿ ಸಾಕು. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕಂತೂ ಸ್ಮಾರ್ಟ್‌ಫೋನೇ ಬೇಡ, ಬಟನ್ ಫೋನಿನಿಂದಲೂ ಕನ್ನಡದಲ್ಲೇ ಮಾತಾಡಬಹುದು.

ಹೊಲದಲ್ಲೇ ಮೂರು ಪರೀಕ್ಷೆ

ಒಂದು, ಜಿಪಿಎಸ್. ಬೆಳೆ ಸಮೀಕ್ಷೆಯಲ್ಲಿ ಫೋಟೋ ನಿಮ್ಮ ಸರ್ವೆ ನಂಬರಿನ ಗಡಿಯೊಳಗೇ ತೆಗೆದದ್ದು ಅಂತ ಫೋನಿಗೆ ಗೊತ್ತಾಗಬೇಕು. ಇದನ್ನ ಪರೀಕ್ಷೆ ಮಾಡೋಕೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ. ನೀವು ನಿಂತಿರೋ ಜಾಗದ ಸರ್ವೆ ನಂಬರ್ ಅದು ತೋರಿಸುತ್ತೆ. ಜಮೀನಿನ ಮಧ್ಯಕ್ಕೆ ಹೋಗಿ, ಆಕಾಶ ಕಾಣೋ ಜಾಗದಲ್ಲಿ ಎರಡು ನಿಮಿಷ ನಿಂತು ನೋಡಿ. ಬಯಲಲ್ಲಿ ಸಾಧಾರಣ ಸ್ಮಾರ್ಟ್‌ಫೋನಿಗೂ ಸುಮಾರು 5 ಮೀಟರ್ ಆಚೀಚೆ ಇರೋದು ಸಹಜ. ಅಡಿಕೆ, ತೆಂಗಿನ ನೆರಳಲ್ಲಿ ಇನ್ನೂ ಜಾಸ್ತಿ ತಪ್ಪುತ್ತೆ. ಅದಕ್ಕೇ ಬದುವಿನ ಹತ್ತಿರ ನಿಂತು ಫೋನ್ ಸರಿ ಇಲ್ಲ ಅನ್ನಬೇಡಿ. ಮಧ್ಯದಲ್ಲಿ ನಿಂತರೂ ಪಕ್ಕದವರ ನಂಬರೇ ಬರ್ತಾ ಇದ್ರೆ ಮಾತ್ರ ಫೋನಿನ ಮೇಲೆ ಅನುಮಾನ ಪಡಿ.

ಎರಡು, ಕ್ಯಾಮೆರಾ. ಎಲೆಯ ಮೇಲಿನ ಚುಕ್ಕೆಯನ್ನ ಹತ್ತಿರದಿಂದ ತೆಗೆದು, ಆಮೇಲೆ ದೊಡ್ಡದು ಮಾಡಿ ನೋಡಿ. ಚುಕ್ಕೆಯ ಅಂಚು ಸ್ಪಷ್ಟವಾಗಿ ಕಂಡ್ರೆ ಸಾಕು. ಅದಕ್ಕೂ ಮುಂಚೆ ಲೆನ್ಸ್ ಒರೆಸಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತೆ.

ಮೂರು, ಸಾಫ್ಟ್‌ವೇರ್. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋದ್ರೆ ಆಂಡ್ರಾಯ್ಡ್ ಎಷ್ಟನೇದು, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವಾಗ ಬಂದದ್ದು ಅಂತ ಕಾಣುತ್ತೆ. ಹಳೇ ಆಂಡ್ರಾಯ್ಡ್‌ಗಳನ್ನ ಆ್ಯಪ್‌ಗಳು ಒಂದೊಂದಾಗಿ ಕೈಬಿಡ್ತಾ ಹೋಗ್ತವೆ. 2025ರ ಜನವರಿಯಲ್ಲಿ ವಾಟ್ಸ್ಆ್ಯಪ್, ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಲ್ಲಿ ನಿಂತೇ ಹೋಯ್ತು.

ನನ್ನ ಫೋನು ಮೂರರಲ್ಲೂ ಪಾಸಾಯ್ತು. ಹಾಗಾದ್ರೆ ಕಾಯಿಲೆ ಎಲ್ಲಿತ್ತು? ಬ್ಯಾಟರಿ ಮತ್ತು ಸ್ಟೋರೇಜ್‌ನಲ್ಲಿ.

ರಿಪೇರಿಯಲ್ಲೇ ಮುಗಿಯೋ ತೊಂದರೆಗಳು

ಫೋನಿನ ಬ್ಯಾಟರಿ ಟ್ರ್ಯಾಕ್ಟರ್ ಬ್ಯಾಟರಿ ಇದ್ದಂಗೆ, ನಾಲ್ಕೈದು ವರ್ಷಕ್ಕೆ ಸೋಲುತ್ತೆ. ಬಿಸಿಲಲ್ಲಿ ಬೈಕಿನ ಟ್ಯಾಂಕ್ ಕವರ್ ಮೇಲೆ, ಬದುವಿನ ಮೇಲೆ ಇಟ್ಟಷ್ಟೂ ಬೇಗ ಸೋಲುತ್ತೆ. ತುಮಕೂರಿನಲ್ಲಿ ನನ್ನ ಫೋನಿಗೆ ಬ್ಯಾಟರಿ ಹಾಕಿಸೋಕೆ 1,400 ರೂಪಾಯಿ ಆಯ್ತು, ಈಗ ರಾತ್ರಿ ತನಕ ಚಾರ್ಜ್ ಇರುತ್ತೆ. ಒಂದು ಎಚ್ಚರಿಕೆ: ಬ್ಯಾಟರಿ ಉಬ್ಬಿ ಫೋನಿನ ಹಿಂಭಾಗ ಎದ್ದಿದ್ರೆ ಚಾರ್ಜ್‌ಗೆ ಹಾಕಲೇಬೇಡಿ, ಬೆಂಕಿಯ ಅಪಾಯ ಇದೆ.

ಸ್ಟೋರೇಜ್‌ಗೆ ದುಡ್ಡೇ ಬೇಡ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆದು ನೋಡಿ. ಶುಭೋದಯದ ಚಿತ್ರ, ಫಾರ್ವರ್ಡ್ ವಿಡಿಯೋ ಅಂತ ನನ್ನ ಫೋನಲ್ಲಿ 11 ಜಿಬಿ ಕೂತಿತ್ತು. ಅಳಿಸಿದ ಮೇಲೆ ಫೋನ್ ಹಗುರಾಯ್ತು. ಉಳಿದ ದುಡ್ಡು ಡ್ರಿಪ್ ಪೈಪಿಗೆ ಹೋಯ್ತು.

ಬದಲಾಯಿಸಲೇಬೇಕಾದ ಸಂದರ್ಭ

ಭಾವನ ಕಥೆ ಬೇರೆ. ಅವರ ಫೋನಲ್ಲಿ ಜಮೀನಿನ ಮಧ್ಯೆ ನಿಂತರೂ ಜಿಪಿಎಸ್ ಹಿಡೀತಿರಲಿಲ್ಲ. ಬೇಕಾದ ಆ್ಯಪ್ ಹಾಕೋಕೆ ಹೋದ್ರೆ ‘ಈ ಸಾಧನಕ್ಕೆ ಹೊಂದಿಕೆಯಾಗಲ್ಲ’ ಅಂತ ಬರ್ತಿತ್ತು. ಸೆಕ್ಯುರಿಟಿ ಅಪ್‌ಡೇಟ್ ನಿಂತು ನಾಲ್ಕು ವರ್ಷ ಆಗಿತ್ತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ದುಡ್ಡೆಲ್ಲ ಇರೋದು ಅದೇ ಫೋನಿಗೆ ಜೋಡಿಸಿದ ಬ್ಯಾಂಕ್ ಖಾತೆಯಲ್ಲಿ. ಬೀಗ ಇಲ್ಲದ ಮನೆಯಲ್ಲಿ ದುಡ್ಡು ಇಟ್ಟಂಗೆ ಅಲ್ವಾ? ಅಂಥ ಫೋನಿಗೆ ಬ್ಯಾಟರಿ ಹಾಕಿಸಿ ಏನೂ ಪ್ರಯೋಜನ ಇರಲಿಲ್ಲ.

ಅಂಗಡಿಗೆ ಹೋದಾಗ

ಭಾವನ ಜೊತೆ ತುಮಕೂರಿನ ಎಂ.ಜಿ. ರಸ್ತೆಗೆ ನಾನೂ ಹೋಗಿದ್ದೆ. ಅಲ್ಲಿ ನಾವು ನೋಡಿದ್ದು ಇಷ್ಟು:

• ಫೋನನ್ನ ಅಂಗಡಿ ಹೊರಗೆ ಬಿಸಿಲಿಗೆ ತಂದು ಸ್ಕ್ರೀನ್ ಕಾಣುತ್ತಾ ನೋಡಿ. ನಮ್ಮ ಕೆಲಸ ಎಸಿ ರೂಮಲ್ಲಲ್ಲ.
• ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ ಅಂತ ಕೇಳಿ. ನಾಲ್ಕು ವರ್ಷವಾದ್ರೂ ಇರಲಿ.
• ಐಪಿ 54 ಅಂದ್ರೆ ಧೂಳು, ನೀರಿನ ಹನಿ ತಡೆಯುತ್ತೆ ಅಷ್ಟೇ. ಕಾಲುವೆಗೆ ಬಿದ್ರೂ ತಡೀಬೇಕು ಅಂದ್ರೆ ಐಪಿ 67 ಅಥವಾ 68 ಇರಬೇಕು.
• 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ನಮ್ಮ ಕೆಲಸಕ್ಕೆ ಸಾಕು. ಮೆಗಾಪಿಕ್ಸೆಲ್ ಸಂಖ್ಯೆ ನೋಡಿ ಮರುಳಾಗಬೇಡಿ.
• ಮೊಬೈಲ್ ಮೇಲೆ 18% ಜಿಎಸ್‌ಟಿ ಇದೆ. ಹೇಳೋ ರೇಟು ಅದನ್ನ ಸೇರಿಸಿದ್ದೋ ಇಲ್ವೋ ಕೇಳಿ, ಬಿಲ್ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದ್ರೆ *#06# ಒತ್ತಿ ಐಎಂಇಐ ನಂಬರ್ ನೋಡಿ. KYM ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದ್ರೆ ಫೋನಿನ ವಿವರ ಬರುತ್ತೆ. ಬ್ಲಾಕ್ ಆಗಿರೋ ಫೋನ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಬೇಡ.

ಇನ್ನು ಕಂತು. 15 ಸಾವಿರದ ಫೋನಿಗೆ ತಿಂಗಳಿಗೆ 1,500ರಂತೆ 12 ಕಂತು ಅಂದ್ರೆ 18 ಸಾವಿರ ಕಟ್ಟಿದಂಗೆ. ಕಂತು ಪ್ರತಿ ತಿಂಗಳೂ ಬರುತ್ತೆ, ರಾಗಿ ದುಡ್ಡು ವರ್ಷಕ್ಕೆ ಒಂದೇ ಸಲ. ಅದಕ್ಕೇ ಭಾವ ಒಂದು ಬೆಳೆ ಗೂಡು ಮಾರೋ ತನಕ ಕಾದು, ಪೂರ್ತಿ ದುಡ್ಡು ಕೊಟ್ಟು ತಗೊಂಡ್ರು.

ಫೋನ್ ಬದಲಾಯಿಸೋ ಮುಂಚೆ

ಬೆಳೆ ಸಮೀಕ್ಷೆಯಲ್ಲಿ ತೆಗೆದ ಫೋಟೋಗಳು ಅಪ್‌ಲೋಡ್ ಆಗೋ ತನಕ ಫೋನಲ್ಲೇ ಇರ್ತವೆ. ನೆಟ್‌ವರ್ಕ್ ಇರೋ ಜಾಗಕ್ಕೆ ಹೋಗಿ ಮೊದಲು ಅಪ್‌ಲೋಡ್ ಮಾಡಿ. ವಾಟ್ಸ್ಆ್ಯಪ್ ಬ್ಯಾಕಪ್ ತಗೊಳ್ಳಿ. ಹಳೇ ಫೋನ್ ಮಾರೋದಾದ್ರೆ ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆಯೇ ಕೊಡಿ. ಹೊಸ ಫೋನಲ್ಲಿ ಯುಪಿಐ ಮತ್ತೆ ನೋಂದಾಯಿಸೋಕೆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಕರೆನ್ಸಿ ಇರಲಿ. ಸಹಾಯ ಮಾಡ್ತೀನಿ ಅಂತ ಯಾರೇ ಕೇಳಿದ್ರೂ ಪಿನ್, ಒಟಿಪಿ ಹೇಳಬೇಡಿ. ಮೋಸ ಆದ್ರೆ ತಕ್ಷಣ 1930ಕ್ಕೆ ಕರೆ ಮಾಡಿ.

ಸದ್ಯಕ್ಕೆ ಫೋನ್ ಕೈಕೊಟ್ಟು ಸಮೀಕ್ಷೆ ಮಾಡೋಕೆ ಆಗದಿದ್ರೂ ಗಾಬರಿ ಬೇಡ. ಊರಿನಲ್ಲಿ ಸಮೀಕ್ಷೆಗೆ ನೇಮಿಸಿರೋ ಪಿಆರ್ ಹುಡುಗರು ಬಂದು ಮಾಡ್ತಾರೆ. ಅವರು ದಾಖಲಿಸಿದ್ದು ಸರಿ ಇದೆಯಾ ಅಂತ ಬೆಳೆ ದರ್ಶಕ್ ಆ್ಯಪ್‌ನಲ್ಲಿ, ಮನೆಯ ಇನ್ಯಾರದಾದ್ರೂ ಫೋನಿನಲ್ಲಿ ನೋಡಿ. ತಪ್ಪಿದ್ರೆ ಅವಧಿ ಮುಗಿಯೋದ್ರೊಳಗೆ ಅಲ್ಲೇ ಆಕ್ಷೇಪಣೆ ಹಾಕಿ.

ಈ ಭಾನುವಾರ ಒಂದು ಅರ್ಧ ಗಂಟೆ ಬಿಡುವು ಮಾಡ್ಕೊಂಡು, ಆ ಮೂರು ಪರೀಕ್ಷೆ ಮಾಡಿ ನೋಡಿ. ಮೂರೂ ಪಾಸಾದ್ರೆ ಬ್ಯಾಟರಿ ಹಾಕಿಸಿ, ದುಡ್ಡು ತೋಟಕ್ಕೆ ಹಾಕಿ. ಜಿಪಿಎಸ್ ಅಥವಾ ಸಾಫ್ಟ್‌ವೇರ್ ಫೇಲಾದ್ರೆ, ಮುಂದಿನ ಸಮೀಕ್ಷೆ ಶುರುವಾಗೋ ಮುಂಚೆ ಹೊಸದು ತಗೊಳ್ಳಿ.