ಛತ್ರಿ ಕಿತ್ತು ಹೊರಡುವ ಮುನ್ನ



ಕಾಫಿ ಕುಯ್ಲು, ಅಡಿಕೆ ಧಾರಣೆ, ಬೋರ್ಡೋ ಸಿಂಪಡಣೆಗಳ ಬಗ್ಗೆಯೇ ಬರೆಯುತ್ತ ಬಂದಿರುವ ಈ ಪುಟದಲ್ಲಿ ಟೆಲಿವಿಷನ್ ಛತ್ರಿಯ ವಿಚಾರವೇಕೆ ಎಂದು ತಾವು ಕೇಳಬಹುದು. ಕಳೆದ ಕುಯ್ಲಿನ ಕಾಲದಲ್ಲಿ ನಮ್ಮ ತೋಟದಲ್ಲಿ ನಡೆದ ಒಂದು ಸಂಗತಿಯೇ ಇದಕ್ಕೆ ಕಾರಣ. ಅದರಲ್ಲಿ ನನ್ನ ತಪ್ಪೂ ಸೇರಿರುವುದರಿಂದ ಮುಚ್ಚುಮರೆಯಿಲ್ಲದೆ ತಿಳಿಸುವುದು ಉಚಿತವೆಂದು ಭಾವಿಸಿದ್ದೇನೆ.

ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಿಂದ ಒಂದು ಕುಟುಂಬ ಪ್ರತಿ ವರ್ಷ ಕುಯ್ಲಿಗೆ ನಮ್ಮಲ್ಲಿಗೆ ಬರುತ್ತಿತ್ತು. ಕಳೆದ ಸಲ ಗಂಡ, ಹೆಂಡತಿ, ಇಬ್ಬರು ಮಕ್ಕಳು ಇಲ್ಲಿಯೇ ಲೈನ್ ಮನೆಯಲ್ಲಿ ನಿಲ್ಲುವುದೆಂದು ನಿಶ್ಚಯಿಸಿದರು. ಊರಿನ ಮನೆಯಲ್ಲಿ ಮುದುಕಿ ತಾಯಿ ಒಬ್ಬರೇ ಉಳಿದರು. ಹೊರಡುವ ಎರಡು ತಿಂಗಳ ಮೊದಲು ಒಂದು ಕಂಪೆನಿಯ ಹುಡುಗ ಅವರ ಮನೆ ಬಾಗಿಲಿಗೆ ಬಂದು, ಹಳೆಯ ಪೆಟ್ಟಿಗೆ ಕೊಟ್ಟರೆ ಹೊಸ ಎಚ್‌ಡಿ ಪೆಟ್ಟಿಗೆ ಪುಕ್ಕಟೆ, ಒಂದು ವರ್ಷದ ಚಂದಾ ಮಾತ್ರ ಮುಂಗಡ ಕಟ್ಟಬೇಕು ಎಂದನಂತೆ. ಆತ ನನಗೆ ಫೋನು ಮಾಡಿ ಮೂರು ಸಾವಿರ ರೂಪಾಯಿ ಮುಂಗಡ ಕೇಳಿದ. "ಪುಕ್ಕಟೆ ಅಂದ ಮೇಲೆ ತೆಗೆದುಕೊಳ್ಳಪ್ಪ" ಎಂದು ಹಣ ಕಳಿಸಿದವನು ನಾನೇ. ಸಂಘದ ಸಾಲಪತ್ರಗಳನ್ನು ಸಾಲುಸಾಲಾಗಿ ಓದಿಸಿ ರುಜು ಹಾಕಿಸುವ ನಾನು ಆ ಕಂಪೆನಿಯ ಕಾಗದದಲ್ಲೇನಿದೆ ಎಂದು ಒಂದು ಮಾತೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಆತ ಛತ್ರಿಯನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ, ಪೆಟ್ಟಿಗೆಯ ಸಮೇತ ತೋಟಕ್ಕೆ ತಂದ. ಲೈನ್ ಮನೆಯ ಮಾಡಿಗೆ ಕಟ್ಟಿದರೆ ಚಿತ್ರವೇ ಇಲ್ಲ. ಪೇಟೆಯಿಂದ ಬಂದ ರಿಪೇರಿಯವರು ಮೂರು ವಿಷಯ ತಿಳಿಸಿದರು. ಮೊದಲನೆಯದಾಗಿ, ಛತ್ರಿ ನೋಡಬೇಕಾದ ದಿಕ್ಕಿನಲ್ಲಿ ಸಿಲ್ವರ್ ಓಕ್ ಮರಗಳಿವೆ. ಎರಡನೆಯದಾಗಿ, ಪೆಟ್ಟಿಗೆ ಕಂಪೆನಿಯ ಸ್ವತ್ತು. ಅದು ಕನ್ನೊಳ್ಳಿಯ ವಿಳಾಸಕ್ಕೆ ನಮೂದಾಗಿರುವುದರಿಂದ ಸ್ಥಳಾಂತರಕ್ಕೆ ಅರ್ಜಿಯೂ ಶುಲ್ಕವೂ ಬೇಕು. ಮೂರನೆಯದಾಗಿ, ನಡುವೆ ಬಿಟ್ಟರೆ ಮುಂಗಡ ವಾಪಸು ಬಾರದು. ಇದರ ಮೇಲೆ ಲೈನ್ ಮನೆಯಲ್ಲಿದ್ದುದು ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.; ಎಚ್‌ಡಿಯ ಸ್ಪಷ್ಟತೆ ಅದರಲ್ಲಿ ಕಾಣುವಂತೆಯೇ ಇರಲಿಲ್ಲ.

"ರೊಕ್ಕ ಕೊಟ್ಟೀವಿ, ಡಬ್ಬಿ ನಮ್ದ ಅಂತ ತಿಳ್ಕೊಂಡಿದ್ವಿರಿ ಸಾವ್ಕಾರ್ರ. ಅಲ್ಲಿ ಅವ್ವಗ ಸಂಜೀಕ ಅದೊಂದ ಜೊತಿ ಇತ್ತು. ಅದನ್ನೂ ಕಿತ್ಕೊಂಡ ಬಂದಂಗಾತು" ಎಂದ ಆತ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಜಾಪುರದ ಕಡೆಯವರಿಗೆ ಉಪಗ್ರಹ ಟೆಲಿವಿಷನ್ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಪ್ರಸಾರ ಒದಗಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ತಂತಿ ಜಾಲರಿಯಿಂದ ಮಾಡಿದ ಹತ್ತಡಿಯ ಛತ್ರಿಯ ಮುಂದೆ ಊರಿಗೆ ಊರೇ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮಗಳನ್ನು ನೋಡುತ್ತಿತ್ತು. ಆದರೆ ಆ ಎಟಿಎಸ್-6 ಉಪಗ್ರಹ ಅಮೆರಿಕದ ನಾಸಾ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟದ್ದು. ಕರಾರು ಮುಗಿದೊಡನೆ ಪ್ರಸಾರವೂ ನಿಂತಿತು, ಉಪಗ್ರಹವನ್ನೂ ಬೇರೆಡೆಗೆ ಸರಿಸಿದರು. ಛತ್ರಿ ನಮ್ಮ ಅಂಗಳದಲ್ಲಿದ್ದ ಮಾತ್ರಕ್ಕೆ ಪ್ರಸಾರ ನಮ್ಮದಾಗದು ಎಂಬ ಪಾಠ ಅಂದಿನದೇ.

ಮನೆಮನೆಗೆ ನೇರ ಪ್ರಸಾರಕ್ಕೆ ಸರ್ಕಾರ ಅನುಮತಿಸಿದ್ದು 2000ದಲ್ಲಿ. ಮೊದಲ ಖಾಸಗಿ ಸೇವೆ 2003ರಲ್ಲಿಯೂ, ದೂರದರ್ಶನದ ಉಚಿತ ಸೇವೆ 2004ರ ಡಿಸೆಂಬರಿನಲ್ಲಿಯೂ ಆರಂಭವಾದವು. ಕೇಬಲ್ ತಂತಿ ತಲುಪದ ತೋಟಗಳಿಗೆ ಇದು ವರವೇ ಸರಿ. ಆದರೆ ಪೆಟ್ಟಿಗೆಯ ಕರಾರನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಮಕ್ಕಳ ಓದಿಗಾಗಿ ಪೇಟೆಯಲ್ಲಿ ಮನೆ ಮಾಡುವವರು, ಅಣ್ಣತಮ್ಮಂದಿರು ಪಾಲಾಗಿ ಬೇರೆ ಮನೆ ಹೂಡುವವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ. ಅವರೆಲ್ಲರ ಅನುಕೂಲಕ್ಕಾಗಿ ಕೆಲವು ಸಲಹೆಗಳು:

1. ಪೆಟ್ಟಿಗೆ ಸ್ವಂತಕ್ಕೆ ಕೊಂಡದ್ದೋ, ಬಾಡಿಗೆಯದೋ ಎಂಬುದನ್ನು ಲಿಖಿತದಲ್ಲಿ ಪಡೆಯಿರಿ. 'ಪುಕ್ಕಟೆ' ಎಂದರೆ ಬಹುತೇಕ ನಮ್ಮದಲ್ಲ ಎಂದೇ ಅರ್ಥ. ಒಂದು ಕಂಪೆನಿಯ ಪೆಟ್ಟಿಗೆಯಲ್ಲಿ ಇನ್ನೊಂದರ ಚಂದಾ ವಾಹಿನಿಗಳು ಬಾರವೆಂಬುದೂ ನೆನಪಿರಲಿ.

2. ಪೆಟ್ಟಿಗೆ ಬದಲಿಸುವಾಗ ಹೊಸ ಅವಧಿಯ ಕಟ್ಟುಪಾಡು ಬೀಳುತ್ತದೆಯೇ, ಎಷ್ಟು ತಿಂಗಳು, ನಡುವೆ ಬಿಟ್ಟರೆ ಎಷ್ಟು ಹಣ ವಾಪಸು ಎಂದು ಕೇಳಿ. ವರ್ಷದೊಳಗೆ ಮನೆ ಬದಲಿಸುವ ಯೋಚನೆಯಿದ್ದರೆ ತಿಂಗಳ ಲೆಕ್ಕದಲ್ಲೇ ಕಟ್ಟುತ್ತ ಹೋಗುವುದು ಕ್ಷೇಮ.

3. ಟ್ರಾಯ್ ಪ್ರಾಧಿಕಾರದ 2017ರ ನಿಯಮಾವಳಿಯಲ್ಲಿ ಸಂಪರ್ಕದ ಸ್ಥಳಾಂತರಕ್ಕೂ ತಾತ್ಕಾಲಿಕ ಸ್ಥಗಿತಕ್ಕೂ ಅವಕಾಶವಿದೆ. 2024ರ ಜುಲೈ ತಿದ್ದುಪಡಿಯಲ್ಲಿ ಇಂಥ ಶುಲ್ಕಗಳ ಮೇಲಿನ ಮಿತಿಯನ್ನು ತೆಗೆದು, ಕಂಪೆನಿಗಳು ತಮ್ಮ ದರವನ್ನು ಪ್ರಕಟಿಸಬೇಕೆಂದು ವಿಧಿಸಿದರು. ಆದ್ದರಿಂದ ದರಪಟ್ಟಿ ನೋಡಿಯೇ ಅರ್ಜಿ ಕೊಡಿ. ನಾವಾಗಿಯೇ ಛತ್ರಿ ಬಿಚ್ಚುವುದು ಬೇಡ.

4. ಹೊಸ ಮನೆಯ ಆಕಾಶವನ್ನು ಮೊದಲು ನೋಡಿ. ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ದೂರದರ್ಶನದ ಉಚಿತ ಸೇವೆ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಿಂದ. ಅಂದರೆ ನಮಗೆ ಆಗ್ನೇಯ ದಿಕ್ಕಿನಲ್ಲಿ, ಮೇಲ್ಮುಖವಾಗಿ. ಕನ್ನೊಳ್ಳಿಯ ಬಯಲಿನಲ್ಲಿ ಕೂರಿಸಿದ ಕೋನ ಮಲೆನಾಡಿಗೆ ಹೊಂದದು, ಕೆಲವು ಡಿಗ್ರಿ ತಿರುಗಿಸಬೇಕು. ಆ ದಿಕ್ಕಿನ ನೆರಳು ಮರ ಅಡ್ಡ ಬಂದರೆ ಮರಗಸಿಯ ಕಾಲದಲ್ಲಿ ರೆಂಬೆ ತೆಗೆಸಿರಿ, ಇಲ್ಲವೇ ಛತ್ರಿಯ ಜಾಗ ಬದಲಿಸಿರಿ.

5. ಆಷಾಢದ ಮಳೆಯಲ್ಲಿ ಚಿತ್ರ ಒಡೆಯುವುದು ಪೆಟ್ಟಿಗೆಯ ದೋಷವಲ್ಲ. ಆ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ. ಹೊಸ ಪೆಟ್ಟಿಗೆಯಿಂದ ಇದು ವಾಸಿಯಾಗದು. ಛತ್ರಿಯನ್ನು ಸರಿಯಾದ ಕೋನದಲ್ಲಿ ಬಿಗಿಯಾಗಿ ಕೂರಿಸಿದರೆ ತಕ್ಕಮಟ್ಟಿಗೆ ಕಡಿಮೆಯಾದೀತು.

6. ಚಂದನ ಮತ್ತು ಕೆಲವು ವಾಹಿನಿಗಳು ಸಾಕೆನ್ನುವವರಿಗೆ ದೂರದರ್ಶನದ ಉಚಿತ ಸೇವೆಯೇ ಲೇಸು. ಪೆಟ್ಟಿಗೆ, ಛತ್ರಿಗಳನ್ನು ಒಮ್ಮೆ ಅಂಗಡಿಯಲ್ಲಿ ಕೊಂಡರೆ ಮಾಸಿಕ ಚಂದಾ ಇಲ್ಲ, ಅವಧಿಯ ಕರಾರೂ ಇಲ್ಲ. ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕೊಳ್ಳುವಾಗ ಎಂಪೆಗ್-4 ಪೆಟ್ಟಿಗೆಯನ್ನೇ ಕೇಳಿ. ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಕೆಲವು ವಾಹಿನಿಗಳು ಬಾರವು.

ನಮ್ಮ ಪ್ರಕರಣ ಹೀಗೆ ಮುಗಿಯಿತು: ಪೆಟ್ಟಿಗೆ ಕಂಪೆನಿಗೆ ವಾಪಸಾಯಿತು, ಮುಂಗಡ ಹೋದದ್ದು ಹೋಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಳ್ಳಾಗಲಿಲ್ಲ. ಆ ಮೂರು ಸಾವಿರವನ್ನು ಆತನ ಕೂಲಿಯಲ್ಲಿ ಮುರಿದುಕೊಳ್ಳಲು ಮನಸ್ಸು ಬಾರದೆ ನನ್ನ ಖರ್ಚಿಗೆ ಬರೆದುಕೊಂಡೆ. ಸಲಹೆ ಕೊಟ್ಟವನು ನಷ್ಟವನ್ನೂ ಹೊರಬೇಕಷ್ಟೆ. ಯುಗಾದಿಗೆ ಊರಿಗೆ ಹೋದಾಗ ಆತ ಉಚಿತ ಸೇವೆಯ ಪೆಟ್ಟಿಗೆಯೊಂದನ್ನು ಕೊಂಡು ತಾಯಿಯ ಮನೆಯಲ್ಲಿ ಕೂರಿಸಿ ಬಂದ. ಲೈನ್ ಮನೆಗೂ ಅಂಥದೇ ಒಂದು ಬಂದಿದೆ.

ತಮ್ಮ ತೋಟದ ಕಾರ್ಮಿಕರು ಇಂಥ ಕಾಗದ ಹಿಡಿದು ಬಂದಾಗ ಐದು ನಿಮಿಷ ಕೂತು ಓದಿ ಹೇಳಬೇಕೆಂದು ಸದಸ್ಯರಲ್ಲಿ ವಿನಂತಿ. ಬೇಕಾದಲ್ಲಿ ಸಂಘದ ಕಚೇರಿಗೆ ಕಳುಹಿಸಿಕೊಡಿ. ಸಂತೆಯ ದಿನ ನಾನು ಕಚೇರಿಯಲ್ಲಿರುತ್ತೇನೆ.

— ಕಾರ್ಯದರ್ಶಿ