ತಾಯಿಯ ಸಕ್ಕರೆ, ಮಗುವಿನ ಇನ್ಸುಲಿನ್

ಗಾಣಗಾಪುರದ ಕಡೆ ಯಾರಿಗಾದರೂ ‘ಶುಗರ್ ಅದ’ ಎಂದು ಗೊತ್ತಾದರೆ ಮನೆಯವರು ಮೊದಲು ದೂರುವುದು ಅನ್ನವನ್ನು, ಚಹಾವನ್ನು, ಸಿಹಿಯನ್ನು. ಆ ದೂರಿನಲ್ಲಿ ಹುರುಳಿದೆ. ಆದರೆ ಈ ಕಾಯಿಲೆಯ ಒಂದು ಬೇರು ಅದಕ್ಕಿಂತ ಬಹಳ ಹಿಂದೆ, ತಾಯಿ ಬಸುರಿಯಾಗಿದ್ದ ತಿಂಗಳುಗಳಲ್ಲೇ ಇಳಿದಿರುತ್ತದೆ. ಕನ್ನಡ ನಾಡಿನ ಮಕ್ಕಳನ್ನೇ ವರ್ಷಗಟ್ಟಲೆ ಅಳೆದು ತೂಗಿ ಇದನ್ನು ತೋರಿಸಿಕೊಟ್ಟವರಲ್ಲಿ ಮೈಸೂರಿನ ಸಂಶೋಧಕಿ ಡಾ. ಜಿ.ವಿ. ಕೃಷ್ಣವೇಣಿ ಮುಖ್ಯರು.

ಅವರ ಕೆಲಸಕ್ಕೆ ತಳಪಾಯ ಹಾಕಿದ್ದು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ, ಅಂದರೆ ಮೈಸೂರಿಗರ ಮಿಷನ್ ಆಸ್ಪತ್ರೆಯ, ಹೆರಿಗೆ ದಾಖಲೆಗಳು. 1934ರಿಂದ ಅಲ್ಲಿ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸವಷ್ಟೇ. ವಿಜ್ಞಾನಕ್ಕೆ ಅದು ಸಿಕ್ಕ ನಿಧಿ. ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮನೆಮನೆ ಹುಡುಕಿ, ಹಾಗೆ ಹುಟ್ಟಿ ನಡುವಯಸ್ಸು ಮುಟ್ಟಿದ್ದ 517 ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕಿಲೋ ಮೀರಿದವರಲ್ಲಿ ಶೇ 3 ಮಾತ್ರ. ಇದು 1996ರ ವರದಿ.

ಮಧುಮೇಹದ ಲೆಕ್ಕ ಮಾತ್ರ ಬೇರೆ ಹಾದಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಸಣಕಲಾಗಿ ಹುಟ್ಟಿದವರಿಗೆ ಮಧುಮೇಹ ಹೆಚ್ಚು ಎಂದು ಕಂಡಿದ್ದರೆ, ಮೈಸೂರಿನಲ್ಲಿ ಗಿಡ್ಡಗೆ, ಉದ್ದಕ್ಕೆ ಮೀರಿ ಗುಂಡಗೆ ಹುಟ್ಟಿದವರಿಗೆ ಹೆಚ್ಚು. ಅವರ ತಾಯಂದಿರೂ ತೂಕವಾಗಿದ್ದವರು. ಹಾಗಾದರೆ ಬಸುರಿನಲ್ಲೇ ಆ ತಾಯಂದಿರ ರಕ್ತದಲ್ಲಿ ಸಕ್ಕರೆ ಏರಿತ್ತೇ? ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹೊಸ ಬಸುರಿಯರನ್ನೇ ಕೇಳಬೇಕಿತ್ತು.

1997ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. 830 ಬಸುರಿಯರು ಒಪ್ಪಿ ಬಂದರು. ಗ್ಲೂಕೋಸ್ ಪರೀಕ್ಷೆಯಲ್ಲಿ ಶೇ 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ತಾಯಿಯ ಗ್ಲೂಕೋಸ್ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಆಕೆಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಮಗುವಿನ ಎಳೆಯ ಮೇದೋಜೀರಕ ಗ್ರಂಥಿಯೇ ಇನ್ಸುಲಿನ್ ಸುರಿಸಬೇಕು. ಆ ಇನ್ಸುಲಿನ್ ಮಗುವಿನ ಮೈಯಲ್ಲಿ ಕೊಬ್ಬು ಕೂಡಿಸುತ್ತದೆ.

ಕೃಷ್ಣವೇಣಿ ಈ ಮಕ್ಕಳನ್ನು ಕೈಬಿಡಲಿಲ್ಲ. ಐದನೆಯ ವಯಸ್ಸಿನಲ್ಲಿ, ಒಂಬತ್ತೂವರೆಯಲ್ಲಿ, ಹದಿಹರೆಯದಲ್ಲಿ ಮತ್ತೆ ಮತ್ತೆ ಕರೆಸಿದರು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದಕ್ಕೇ ಚರ್ಮದಡಿಯ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು. ಒಂಬತ್ತೂವರೆಯ ಹೊತ್ತಿಗೆ ಗಂಡುಮಕ್ಕಳ ಇನ್ಸುಲಿನ್ನೂ ಏರಿತ್ತು. ಮುಂದೆ ಅವರು ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕಡೆ ತಿರುಗಿದರು. ಹದಿಹರೆಯದವರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಕತೆ ಹೇಳಿಸಿ, ಲೆಕ್ಕ ಮಾಡಿಸಿ, ಆಗಾಗ ಜೊಲ್ಲಿನ ಮಾದರಿ ತೆಗೆದರು. ಕಾರ್ಟಿಸಾಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮಧುಮೇಹಿ ತಾಯಂದಿರ ಮಕ್ಕಳಲ್ಲಿ ರಕ್ತದೊತ್ತಡ ಹೆಚ್ಚು ಜಿಗಿಯಿತು. ನಿರೀಕ್ಷೆ ಹುಸಿಯಾದ ಫಲಿತಾಂಶವನ್ನೂ ಹಾಗೆಯೇ ಪ್ರಕಟಿಸಿದ್ದು ನನಗೆ ತುಂಬ ಮೆಚ್ಚಿಗೆಯಾದ ಸಂಗತಿ.

ತಾಯಂದಿರ ಗತಿ ಇನ್ನೂ ಆತಂಕದ್ದು. ಗರ್ಭಾವಸ್ಥೆಯಲ್ಲಿ ಮಧುಮೇಹ ಕಂಡಿದ್ದವರಲ್ಲಿ ಐದು ವರ್ಷಕ್ಕೆ ಶೇ 37 ಮಂದಿ ಮಧುಮೇಹಿಗಳಾದರು. ಉಳಿದವರಲ್ಲಿ ಶೇ 2. ಹೆರಿಗೆಯಾದ ಮೇಲೆ ‘ಶುಗರ್ ಹೋಯ್ತು’ ಎಂದು ನೆಮ್ಮದಿಯಾಗುವ ಮನೆಗಳಿಗೆ ಈ ಅಂಕಿ ತಲುಪಲೇಬೇಕು. ಅಧ್ಯಯನಕ್ಕೆ ಬಂದ ಬಸುರಿಯರೆಲ್ಲರಲ್ಲಿ ಶೇ 43ರಷ್ಟು ಮಂದಿಗೆ ಬಿ12 ವಿಟಮಿನ್ ಕೊರತೆಯೂ ಇತ್ತು, ಕೊರತೆಯಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಹೇಳಲಾಗದು. ಆದರೂ ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ರೊಟ್ಟಿ, ಪಲ್ಯ, ಬೇಳೆಯಲ್ಲೇ ಊಟ ಮುಗಿಸಿ, ಹಾಲು ಮೊಸರನ್ನು ಗಂಡಸರಿಗೂ ಮಕ್ಕಳಿಗೂ ಬಡಿಸುವ ಬಸುರಿಯ ತಟ್ಟೆಗೆ ಅದು ಬರುವುದಾದರೂ ಎಲ್ಲಿಂದ?

ಬಸುರಿನಲ್ಲಿ ಮಧುಮೇಹ ಪತ್ತೆಹಚ್ಚುವ ಪರೀಕ್ಷೆ ಸುಲಭ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ತಾಸಿನ ಮೇಲೆ ರಕ್ತ ನೋಡುತ್ತಾರೆ. ಉಪವಾಸ ಬೇಕಿಲ್ಲ. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಚಿಕಿತ್ಸೆ ಶುರು. ಮೊದಲ ತಪಾಸಣೆಗೆ ಹೋದಾಗ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ಮಧುಮೇಹ ಕಂಡಿದ್ದರೆ ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ. ಮನೆಯವರು ಮರೆಯುವುದು ಈ ಕೊನೆಯದನ್ನು. ಆಗ ಎಲ್ಲರ ಕಣ್ಣು ಕೂಸಿನ ಮೇಲಿರುತ್ತದೆ.